ತೊಗರಿ ರಾಶಿ ಮುಗಿದ ಮೇಲೆ ಜೇನಿಗೆ ಬೆಲ್ಲದ ನೀರು ಇಡಬಹುದೇ?

ಭಾಲ್ಕಿ ಕಡೆಯ ತಮ್ಮ ಹೊಲದಲ್ಲಿ ನಾಲ್ಕು ತುಡುವೆ (ಪೆಟ್ಟಿಗೆಯಲ್ಲಿ ಸಾಕುವ ನಮ್ಮ ನಾಡಿನ ಜೇನು) ಪೆಟ್ಟಿಗೆಗಳಿವೆ, ತೊಗರಿ ರಾಶಿಯಾದಂದಿನಿಂದ ನೊಣ ಕಡಿಮೆಯಾಗುತ್ತಿವೆ, ಬೆಲ್ಲದ ನೀರು ಇಟ್ಟರೆ ನಡೆಯುತ್ತದೆಯೇ ಎಂದು ಕೇಳಿದ್ದೀರಿ. ಬೆಲ್ಲ ಬೇಡ. ಅದರಲ್ಲಿ ನೊಣಕ್ಕೆ ಅರಗದ ಅಂಶ ಹೆಚ್ಚಿರುವುದರಿಂದ ಭೇದಿ ಹತ್ತುತ್ತದೆ. ಬಿಳಿ ಸಕ್ಕರೆಯೇ ಸರಿ.

ಸಕ್ಕರೆ ತರುವ ಮೊದಲು ಪ್ರತಿ ಪೆಟ್ಟಿಗೆಯ ಹಿಂಭಾಗವನ್ನು ಒಂದು ಕೈಯಿಂದ ತುಸು ಎತ್ತಿ ಭಾರ ನೋಡಿ, ಹಗುರವೆನಿಸಿದ್ದನ್ನು ಮಾತ್ರ ಬಿಚ್ಚಿ. ಮರಿಗಳ ಮೇಲ್ಭಾಗದಲ್ಲಿ ಮೇಣದಿಂದ ಮುಚ್ಚಿದ ಜೇನು ಎರಡು ಮೂರು ಬೆರಳಿನಷ್ಟಿದ್ದರೆ ಸದ್ಯಕ್ಕೆ ಏನೂ ಕೊಡುವ ಅಗತ್ಯವಿಲ್ಲ. ನಮ್ಮ ಭಾಗದಲ್ಲಿ ತೊಗರಿಯ ಬೆನ್ನಿಗೆ ಕುಸುಬೆ, ಬೇಸಿಗೆಯಲ್ಲಿ ಬದುವಿನ ಬೇವು, ಹೊಂಗೆ, ಹುಣಸೆ ಹೂವಾಗುವುದರಿಂದ ಮಳೆಗಾಲದವರೆಗೆ ಹೇಗೋ ಸಾಗುತ್ತದೆ. ನೊಣಗಳು ನಿಜವಾಗಿ ಹಸಿಯುವುದು ಮಳೆ ಹಿಡಿದ ಜೂನ್‌ನಿಂದ ಆಗಸ್ಟ್‌ವರೆಗೆ.

ಒಂದು ಲೀಟರ್ ನೀರು ಕುದಿಸಿ, ಒಲೆಯಿಂದ ಇಳಿಸಿದ ಮೇಲೆ ಒಂದು ಕಿಲೋ ಸಕ್ಕರೆ ಕರಗಿಸಿ, ಪೂರ್ತಿ ಆರಲು ಬಿಡಿ. ಸಕ್ಕರೆ ಹಾಕಿದ ಮೇಲೆ ಕುದಿಸಿ ಕಂದು ಬಣ್ಣಕ್ಕೆ ತಂದರೆ ಅದೂ ನೊಣಕ್ಕೆ ಕೆಡುಕೇ. ಒಂದು ತುಡುವೆ ಪೆಟ್ಟಿಗೆಗೆ ಸಂಜೆ 200 ಮಿಲಿಲೀಟರ್‌ನಷ್ಟು ಪಾನಕವನ್ನು ಬಟ್ಟಲಿಗೆ ಹಾಕಿ, ನೊಣ ಮುಳುಗದಂತೆ ಜೋಳದ ದಂಟಿನ ತುಂಡುಗಳನ್ನು ತೇಲಿಬಿಟ್ಟು, ಪೆಟ್ಟಿಗೆಯ ಒಳಗೇ ಇಡಿ. ನಮ್ಮ ಬಿಸಿಲಿಗೆ ಅದು ಬೇಗ ಹುಳಿಯುವುದರಿಂದ ಬೆಳಿಗ್ಗೆ ಉಳಿದದ್ದನ್ನು ಚೆಲ್ಲಿ, ಮರುದಿನ ಅಳತೆ ಇಳಿಸಿ.

ಸಂಜೆ, ಒಳಗೆ ಎಂದು ಒತ್ತಿ ಹೇಳುವುದಕ್ಕೆ ಕಾರಣವಿದೆ. ಆಳಂದ ರಸ್ತೆಯ ನಮ್ಮ ಹೊಲದಲ್ಲಿ ಮೊದಲ ವರ್ಷ ನಾನು ಮಟಮಟ ಮಧ್ಯಾಹ್ನ ಪಾನಕ ಇಟ್ಟೆ, ಕೈತಪ್ಪಿ ಒಂದಿಷ್ಟು ಬಾಗಿಲ ಹಲಗೆಯ ಮೇಲೆ ಚೆಲ್ಲಿತು. ಅರ್ಧ ಗಂಟೆಯೊಳಗೆ ಬಲವಾದ ಪೆಟ್ಟಿಗೆಯ ನೊಣಗಳು ಬಡಕಲು ಪೆಟ್ಟಿಗೆಗೆ ನುಗ್ಗಿ ಪಾನಕದ ಜೊತೆ ಇದ್ದಬದ್ದ ಜೇನನ್ನೂ ಹೊತ್ತೊಯ್ದವು. ಸಂಜೆ ಹೋಗಿ ನೋಡಿದರೆ ಬಾಗಿಲಲ್ಲಿ ಮೇಣದ ಪುಡಿ, ಕೆಳಗೆ ಒಂದನ್ನೊಂದು ಕಚ್ಚಿಕೊಂಡೇ ಸತ್ತ ನೊಣಗಳು. ಆದ್ದರಿಂದ ಪಾನಕ ಕೊಡಬೇಕಾದ ಎಲ್ಲ ಪೆಟ್ಟಿಗೆಗಳಿಗೂ ಒಂದೇ ಹೊತ್ತಿಗೆ ಕೊಟ್ಟು, ಎರಡು ನೊಣ ಹಾಯುವಷ್ಟು ಮಾತ್ರ ಬಾಗಿಲು ಬಿಟ್ಟು ಉಳಿದದ್ದನ್ನು ಮುಚ್ಚಿ. ರೋಗ ಅಂಟುವ ಭಯವಿರುವುದರಿಂದ ಬೇರೆಯವರ ಜೇನುತುಪ್ಪವನ್ನಂತೂ ತಿನ್ನಿಸಲೇಬೇಡಿ.

ಸಕ್ಕರೆಯಿಂದ ಮರಿ ಬೆಳೆಯುವುದಿಲ್ಲ, ಅದಕ್ಕೆ ಪರಾಗ ಬೇಕು. ಕಾಲಿಗೆ ಪರಾಗ ಕಟ್ಟಿಕೊಂಡು ಬರುವ ನೊಣ ಕಾಣದಿದ್ದರೆ, ಎಣ್ಣೆ ತೆಗೆದ ಸೋಯಾ ಹಿಟ್ಟು ಮೂರು ಪಾಲು, ಯೀಸ್ಟ್ ಒಂದು ಪಾಲು, ಕೆನೆರಹಿತ ಹಾಲಿನ ಪುಡಿ ಒಂದು ಪಾಲು ಸೇರಿಸಿ, ಪಾನಕದಲ್ಲಿ ರೊಟ್ಟಿ ಹಿಟ್ಟಿನ ಹದಕ್ಕೆ ನಾದಿ, ತೆಳುವಾಗಿ ತಟ್ಟಿ ಚೌಕಟ್ಟುಗಳ ಮೇಲಿಡಿ. ಬೇಸಿಗೆಯಲ್ಲಿ ಪಾನಕ, ಹಿಟ್ಟು ಎರಡಕ್ಕಿಂತಲೂ ನೆರಳು ಮತ್ತು ಕಲ್ಲು ಹಾಕಿದ ನೀರಿನ ತಟ್ಟೆ ಮುಖ್ಯ. ನೊಣಗಳು ಆ ನೀರಿನಿಂದಲೇ ಗೂಡನ್ನು ತಂಪಾಗಿಡುತ್ತವೆ.

ಪಾನಕ ಕೊಡುವಷ್ಟು ದಿನ ಮೇಲಿನ ಜೇನುಕೋಣೆಯನ್ನು ತೆಗೆದಿಡಿ, ಇಲ್ಲವಾದರೆ ಸಕ್ಕರೆಯೇ ಅಲ್ಲಿ ತುಂಬಿ ಮುಂದೆ ಜೇನೆಂದು ಮಾರಾಟವಾಗುತ್ತದೆ. ನಾಲ್ಕರಲ್ಲಿ ಯಾವುದಾದರೂ ಪೆಟ್ಟಿಗೆಯಲ್ಲಿ ಎರಡು ಎರಿ (ಮೇಣದ ಹಲ್ಲೆ) ಮುಚ್ಚುವಷ್ಟೂ ನೊಣ ಇಲ್ಲದಿದ್ದರೆ ಅದಕ್ಕೆ ಪಾನಕ ಕೊಡುವುದು ವ್ಯರ್ಥ. ಅದರ ರಾಣಿಯನ್ನು ತೆಗೆದು, ನಡುವೆ ಸಣ್ಣ ತೂತು ಮಾಡಿದ ಪತ್ರಿಕೆಯ ಹಾಳೆ ಹಾಕಿ, ಪಕ್ಕದ ಬಲವಾದ ಕುಟುಂಬದೊಡನೆ ಸೇರಿಸಿಬಿಡಿ.