ಮ್ಯಾಚ್‌ಗೆ ಕರೆದರೆ ‘ನೋಡೋಣ’ ಅನ್ನಬೇಡ

ತಮ್ಮಾ, ವೇಲ್ಸ್‌ನ ಕಾರ್ಡಿಫ್‌ಗೆ ಬಂದು ಮೂರು ವಾರ ಆಯ್ತು, ಆಫೀಸಿನವರು ಸಿಕ್ಸ್ ನೇಶನ್ಸ್ (ಯುರೋಪಿನ ಆರು ತಂಡಗಳ ಟೂರ್ನಿ) ರಗ್ಬಿ ಮ್ಯಾಚ್‌ಗೆ ಕರೆದಿದ್ದಾರೆ, ಆಟದ ತಲೆಬುಡ ಗೊತ್ತಿಲ್ಲ, ಕುಡಿಯುವವರ ಮಧ್ಯೆ ಹೋಗಬೇಕಾ ಬೇಡ್ವಾ ಅಂತ ಕೇಳಿದ್ದೀಯ.

ಹೋಗು. ಆಟ ಅಲ್ಲೇ ಕೂತು ಕಲಿಯಬಹುದು. ಚೆಂಡನ್ನು ಕೈಯಿಂದ ಮುಂದಕ್ಕೆ ಎಸೆಯುವ ಹಾಗಿಲ್ಲ. ಗೆರೆ ದಾಟಿ ನೆಲಕ್ಕೆ ಒತ್ತಿದರೆ ಟ್ರೈ, 5 ಅಂಕ. ಉಳಿದದ್ದನ್ನು ಪಕ್ಕದವರು ಹೇಳುತ್ತಾರೆ, ಬೇಡ ಅಂದರೂ ಹೇಳುತ್ತಾರೆ. ಕುಡಿತ ಜಾಸ್ತಿ, ಸುಳ್ಳು ಹೇಳಲ್ಲ. ಆದರೆ ಎರಡೂ ತಂಡದ ಅಭಿಮಾನಿಗಳು ಅಕ್ಕಪಕ್ಕವೇ ಕೂರುತ್ತಾರೆ. ದೊಡ್ಡ ಬ್ಯಾಗ್ ಒಯ್ಯಬೇಡ. ವಾಪಸ್ ಬರುವಾಗ ಸ್ಟೇಷನ್ ಮುಂದೆ ಕ್ಯೂ ಇರುತ್ತೆ, ನಡೆದೇ ಮನೆ ಸೇರು.

ನೀನು ಕೇಳದ ಒಂದು ವಿಷಯ ಇದೆ. ಅವರು ಕರೆದಾಗ ‘ನೋಡೋಣ’ ಅಂದೆಯಾ?

ನಾನು ಅಂದಿದ್ದೆ. 2013ರ ಮಾರ್ಚ್, ಬಂದು ಆರು ತಿಂಗಳೂ ಆಗಿರಲಿಲ್ಲ. ಟ್ಯಾಫ್ ನದಿಯಾಚೆ ಬಾಡಿಗೆ ಮನೆ. ಪಕ್ಕದ ಮನೆಯ ಯಜಮಾನರು ಬಾಗಿಲು ತಟ್ಟಿ, ಶನಿವಾರ ವೇಲ್ಸ್–ಇಂಗ್ಲೆಂಡ್ ಮ್ಯಾಚ್, ಇನ್ನೊಂದು ಟಿಕೆಟ್ ಇದೆ, ಬರ್ತೀಯಾ ಅಂದರು. ನನಗೆ ಟಿಕೆಟ್ ದುಡ್ಡಿನ ಚಿಂತೆ. ಮುಖಕ್ಕೆ ಹೊಡೆದ ಹಾಗೆ ಇಲ್ಲ ಅನ್ನೋದು ಹೇಗೆ? ‘ನೋಡೋಣ’ ಅಂದೆ. ನಮ್ಮಲ್ಲಿ ಅದರ ಅರ್ಥ ನಿನಗೆ ಗೊತ್ತಲ್ಲ.

ಅವರಿಗೆ ಗೊತ್ತಿರಲಿಲ್ಲ.

ಅವತ್ತು ಟಿವಿ ಮುಂದೆ ಕೂತು ಶರ್ಟ್ ಇಸ್ತ್ರಿ ಮಾಡುತ್ತಿದ್ದೆ. ತೆರೆದ ಕಿಟಕಿಯಿಂದ ಮೊದಲು ಸ್ಟೇಡಿಯಂನ ಭೋರ್ಗರೆತ ಬರುತ್ತಿತ್ತು, ಆಮೇಲೆ ಟಿವಿಯಲ್ಲಿ ವೇಲ್ಸ್ ಆಟಗಾರ ಕತ್‌ಬರ್ಟ್ ಓಡಿ ಟ್ರೈ ಹೊಡೆಯುತ್ತಿದ್ದ. ಒಂದಲ್ಲ, ಎರಡು. ಗ್ರ್ಯಾಂಡ್ ಸ್ಲಾಮ್, ಅಂದರೆ ಟೂರ್ನಿಯ ಎಲ್ಲ ಮ್ಯಾಚ್ ಗೆಲ್ಲೋಕೆ ಬಂದಿದ್ದ ಇಂಗ್ಲೆಂಡ್ 30–3ರಲ್ಲಿ ಸೋತಿತು. ಚಾಂಪಿಯನ್‌ಶಿಪ್ ವೇಲ್ಸ್ ಪಾಲಾಯಿತು. ಈ ಊರಿನವರು ಇವತ್ತಿಗೂ ಆ ಅಂಕಿ ಹೇಳುವಾಗ ಮುಖ ಅರಳುತ್ತೆ.

ಮಾರನೇ ದಿನ ಯಜಮಾನರು ಸಿಕ್ಕರು. ಟಿಕೆಟ್ ಬೇರೆ ಯಾರಿಗೂ ಕೊಟ್ಟಿರಲಿಲ್ಲ. ನಾನು ಬರಬಹುದು ಅಂತ ಗೇಟ್ ಹತ್ತಿರ ನಿಂತಿದ್ದರಂತೆ. ಒಳಗೆ ನಾಡಗೀತೆ ಶುರುವಾದ ಮೇಲೆ ಓಡಿದರಂತೆ. 74 ಸಾವಿರ ಜನ ಹಿಡಿಸುವ ಜಾಗ ಅದು. ಅಷ್ಟು ಜನ ವೆಲ್ಶ್ ಭಾಷೆಯಲ್ಲಿ ಒಟ್ಟಿಗೆ ಹಾಡುವುದನ್ನು ಇಲ್ಲಿಯವರು ಆಟಕ್ಕಿಂತ ಹೆಚ್ಚು ಅಂದುಕೊಳ್ಳುತ್ತಾರೆ. ಅಂಥ ದಿನ ಅವರು ಅದನ್ನು ಮೆಟ್ಟಿಲ ಮೇಲೆ ಕೇಳಿಸಿಕೊಂಡರು. ಬೈಯಲಿಲ್ಲ. ಟಿಕೆಟ್ ಸುಮ್ನೆ ಕೊಡುವವರಿದ್ದರು ಅನ್ನೋದೂ ಆಗಲೇ ಗೊತ್ತಾಗಿದ್ದು. ಮತ್ತೆ ಯಾವತ್ತೂ ಕರೆಯಲಿಲ್ಲ.

2019ರಲ್ಲಿ ನಾನೇ ದುಡ್ಡು ಕೊಟ್ಟು ಐರ್ಲೆಂಡ್ ಮ್ಯಾಚ್‌ಗೆ ಹೋದೆ. ಆ ಸ್ಟೇಡಿಯಂಗೆ ಮುಚ್ಚುವ ಚಾವಣಿ ಇದೆ, ಇಪ್ಪತ್ತು ನಿಮಿಷದ ಕೆಲಸ. ಅವತ್ತು ಮಳೆ ಸುರಿಯುತ್ತಿದ್ದರೂ ಐರ್ಲೆಂಡ್‌ನವರ ಬೇಡಿಕೆಯಂತೆ ತೆರೆದೇ ಇತ್ತು. ತೊಯ್ದು ತೊಪ್ಪೆಯಾದೆ. 25–7, ವೇಲ್ಸ್‌ಗೆ ಗ್ರ್ಯಾಂಡ್ ಸ್ಲಾಮ್! ಆದರೂ ಪಕ್ಕದಲ್ಲಿದ್ದವರು ಗುರುತಿಲ್ಲದವರು.

ಇವತ್ತೇ ಆಫೀಸಿನವರಿಗೆ ಬರ್ತೀನಿ ಅನ್ನು, ಇಲ್ಲ ಬರಲ್ಲ ಅನ್ನು. ಟಿಕೆಟ್‌ಗೆ ಎಷ್ಟು ಕೊಡಬೇಕು ಅಂತ ಬಾಯಿಬಿಟ್ಟು ಕೇಳು, ಇಲ್ಲಿ ಯಾರೂ ತಪ್ಪು ತಿಳಿಯಲ್ಲ. ನನ್ನ ಹತ್ತಿರ ಕೆಂಪು ಸ್ಕಾರ್ಫ್ ಇದೆ, ಬಂದು ತಗೊಂಡು ಹೋಗು. ವಾಪಸ್ ಕೊಡಬೇಕು ಮತ್ತೆ.