ತಯಾರಿಸಿದ್ದಾಯಿತು, ಕಾಪಾಡುವವರಾರು?

ಪತ್ರ: ಮಂಗಳ ಗ್ರಹದ ಗಾಳಿಯಿಂದಲೇ ಆಮ್ಲಜನಕ ತಯಾರಿಸಿ ತೋರಿಸಿದ ಮೇಲೂ, ಅಲ್ಲಿ ತಯಾರಿಸಿದ ರಾಕೆಟ್ ಇಂಧನವನ್ನು ಕೂಡಿಡುವುದೇ ಕಷ್ಟ ಎಂದ ಕಳೆದ ಸಂಚಿಕೆಯ ಲೇಖನ ಟ್ಯಾಂಕು, ಸೋರಿಕೆ ಎಂದು ಇಷ್ಟೊಂದು ಕೊರಗಬೇಕಿತ್ತೇ? ಹೇಗೂ ಅಲ್ಲಿ ಕೊರೆಯುವ ಚಳಿಯಿದೆಯಲ್ಲ! — ಒಬ್ಬ ಓದುಗ

ಉತ್ತರ: ನಿಮ್ಮ ಸಂಭ್ರಮ ನ್ಯಾಯವಾದದ್ದೇ. 2021ರ ಏಪ್ರಿಲ್‌ನಲ್ಲಿ ನಾಸಾದ ಪರ್ಸಿವಿಯರೆನ್ಸ್ ರೋವರ್‌ನ ಮಾಕ್ಸಿ ಉಪಕರಣ ಅಲ್ಲಿನ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಸುಮಾರು 800 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಒಡೆದು ಆಮ್ಲಜನಕ ಕೊಟ್ಟಿತು. ಆದರೆ 2023ರಲ್ಲಿ ಕೆಲಸ ಮುಗಿಸುವ ಹೊತ್ತಿಗೆ ಒಟ್ಟು ಉತ್ಪತ್ತಿ 122 ಗ್ರಾಂ. ಅದನ್ನೂ ಅಳೆದು ಹೊರಗೆ ಬಿಟ್ಟರು. ಒಂದು ಹನಿಯನ್ನೂ ದ್ರವವಾಗಿಸಿ ಕೂಡಿಡಲಿಲ್ಲ. ನಾಲ್ವರು ಮಂಗಳದ ನೆಲ ಬಿಟ್ಟು ಮೇಲೇರಲು ಸುಮಾರು 7 ಟನ್ ಇಂಧನ, ಅದನ್ನು ಉರಿಸಲು 25 ಟನ್ ಆಮ್ಲಜನಕ ಬೇಕು.

ಚಳಿಯ ಮಾತು ಬಿಡಿ. ಮಂಗಳದ ಸರಾಸರಿ ತಾಪಮಾನ ಮೈನಸ್ 60 ಡಿಗ್ರಿಯ ಆಸುಪಾಸು. ದ್ರವ ಆಮ್ಲಜನಕ ಕುದಿಯುವುದು ಮೈನಸ್ 183ರಲ್ಲಿ, ಇಂಧನವಾಗುವ ಮೀಥೇನ್ ಮೈನಸ್ 161ರಲ್ಲಿ. ನಿಮಗೆ ನಡುಕ ಹುಟ್ಟಿಸುವ ಆ ಚಳಿಯಲ್ಲಿ ಇವೆರಡೂ ಕುದಿದು ಆವಿಯಾಗುತ್ತವೆ. ಬಾಹ್ಯಾಕಾಶದಲ್ಲಿ ಟ್ಯಾಂಕಿಗೆ ಸುತ್ತುವ ಪದರ ಪದರದ ಹೊಳೆಯುವ ಹಾಳೆ ಇಲ್ಲಿ ಸಾಲದು. ಅದು ಚೆನ್ನಾಗಿ ಕೆಲಸ ಮಾಡುವುದು ನಿರ್ವಾತದಲ್ಲಿ. ಮಂಗಳದ ಗಾಳಿಯ ಒತ್ತಡ ಭೂಮಿಯದರ ಶೇಕಡಾ ಒಂದಕ್ಕಿಂತ ಕಡಿಮೆ, ಆದರೂ ಪದರಗಳ ನಡುವೆ ನುಸುಳಿ ಶಾಖ ಸಾಗಿಸಲು ಅಷ್ಟು ಸಾಕು. ಹಾಗಾಗಿ ಎರಡು ಗೋಡೆಯ ಟ್ಯಾಂಕು, ನಡುವೆ ನಿರ್ವಾತ, ಜೊತೆಗೆ ಹಗಲಿರುಳು ನಡೆಯುವ ಶೀತಕ ಯಂತ್ರ. ಅದಕ್ಕೆ ವಿದ್ಯುತ್ ಎಲ್ಲಿಂದ? ಬಿಸಿಲನ್ನೇ ನಂಬಿದ್ದ ಆಪರ್ಚುನಿಟಿ ರೋವರ್ 2018ರ ಧೂಳಿನ ಬಿರುಗಾಳಿಯಲ್ಲಿ ಮೌನವಾದದ್ದು ನಿಮಗೆ ನೆನಪಿರಬೇಕು.

ಮೀಥೇನ್ ತಯಾರಿಕೆಗೆ ನೆಚ್ಚಿಕೊಂಡಿರುವ, ಇಂಗಾಲದ ಡೈಆಕ್ಸೈಡನ್ನು ಹೈಡ್ರೋಜನ್ ಜೊತೆ ಸೇರಿಸುವ ಸಬಾಟಿಯೆ ಕ್ರಿಯೆ ಹಳೆಯದು. ಅದಕ್ಕೆ ಹೆಸರು ಕೊಟ್ಟ ರಸಾಯನ ವಿಜ್ಞಾನಿ ಸಬಾಟಿಯೆ ನೊಬೆಲ್ ಪಡೆದದ್ದು 1912ರಲ್ಲಿ. ಖಾಲಿ ಟ್ಯಾಂಕಿನ ರಾಕೆಟ್ಟನ್ನು ಮೊದಲೇ ಕಳಿಸಿ ಅಲ್ಲಿಯೇ ಇಂಧನ ತುಂಬಿಸೋಣ ಎಂದು ಅಮೆರಿಕದ ಎಂಜಿನಿಯರುಗಳಾದ ಜುಬ್ರಿನ್ ಮತ್ತು ಬೇಕರ್ ಹೇಳಿದ್ದು 1990ರಲ್ಲಿ. ಅದು ನನಗೂ ಅಚ್ಚುಮೆಚ್ಚಿನ ಯೋಜನೆ. ಆದರೆ ಭೂಮಿಯಿಂದ ಹೊರಡುವ ಅವಕಾಶ ಸುಮಾರು 26 ತಿಂಗಳಿಗೊಮ್ಮೆ. ತುಂಬಿದ ಟ್ಯಾಂಕು ಜನ ಬರುವವರೆಗೂ, ಅವರು ಮರಳುವವರೆಗೂ ಕಾಯಬೇಕು.

ತಯಾರಿಸಿದವನಿಗೆ ಹಾರ, ಕಾಪಾಡಿದವನಿಗೆ ಹೆಸರೂ ಇಲ್ಲ. ಈ ಅನ್ಯಾಯದ ಬಗ್ಗೆ ನಾನು ಸುಮ್ಮನಿರಲಾರೆ. ಪತ್ರಿಕೆಗಳು ಮೊದಲ ಗ್ರಾಮಿಗೆ ಮುಖಪುಟ ಕೊಡುತ್ತವೆ. ಕವಾಟ, ಸೀಲು, ಬೆಸುಗೆಗಳಿಗೆ ಒಳಪುಟದ ಮೂಲೆಯೂ ಸಿಗುವುದಿಲ್ಲ. 2022ರ ನವೆಂಬರ್‌ನಲ್ಲಿ ನಾಸಾದ ಚಂದ್ರಯಾನದ ಆರ್ಟೆಮಿಸ್ ರಾಕೆಟ್ ಹಾರುವ ಮುನ್ನ ಹೈಡ್ರೋಜನ್ ಕವಾಟವೊಂದು ಸೋರಿದಾಗ ಮೂವರು ಸಿಬ್ಬಂದಿ ಇಂಧನ ತುಂಬಿ ನಿಂತ ರಾಕೆಟ್ಟಿನ ಬುಡಕ್ಕೇ ನಡೆದುಹೋಗಿ ನಟ್ಟು ಬಿಗಿಮಾಡಿದರು. ಮಂಗಳದಲ್ಲಿ ಆ ಹೊತ್ತಿಗೆ ಸ್ಪಾನರ್ ಹಿಡಿಯಲು ಒಬ್ಬರೂ ಇರುವುದಿಲ್ಲ. ಆ ಲೇಖನವನ್ನು ಇನ್ನೊಮ್ಮೆ ಓದಿ, ದಯವಿಟ್ಟು. ಕವಾಟಗಳ ಬಗ್ಗೆ ಪತ್ರ ಬರೆದರೆ ಅದಕ್ಕೂ ಇಷ್ಟೇ ಜಾಗ ಕೊಡುತ್ತೇನೆ.