ಬೆಂಗಳೂರಿನಿಂದ ಬೆಟ್ಟದ ಮಣ್ಣು ರಸ್ತೆಗೆ: ಗ್ರಾವೆಲ್ ಬೈಕ್ ತಗೊಳ್ಳಲಾ, ಎಂಟಿಬಿ ಸಾಕಾ?

ಪ್ರಶ್ನೆ: ಬೆಂಗಳೂರಿನಲ್ಲಿದ್ದೇನೆ. ರೋಡ್ ಬೈಕಿನಲ್ಲಿ (ಟಾರು ರಸ್ತೆಯ ಸೈಕಲ್) ಆಗಾಗ ನಂದಿ ಬೆಟ್ಟ ಹತ್ತುತ್ತೇನೆ. ಈಗ ಬೆಟ್ಟದ ಕಡೆಯ ಮಣ್ಣು ರಸ್ತೆ, ಜಲ್ಲಿ ರಸ್ತೆಗಳಲ್ಲಿ ಓಡಿಸುವ ಆಸೆ. ಅದಕ್ಕೆ ಬಾಗಿದ ಹ್ಯಾಂಡಲ್, ಅಗಲ ಟೈರಿನ ಗ್ರಾವೆಲ್ ಬೈಕ್ ಬೇಕೇ ಬೇಕಾ, ಮೌಂಟನ್ ಬೈಕ್ (ಎಂಟಿಬಿ) ಸಾಕಾ? ಎಲ್ಲಿಂದ ಶುರು ಮಾಡಲಿ?

ಮನೆಯಿಂದಲೇ ತುಳಿದುಕೊಂಡು ಹೋಗುವವರಾದರೆ ಗ್ರಾವೆಲ್ ಬೈಕ್ ತಗೊಳ್ಳಿ. ಕಾರಿನಲ್ಲಿ ಹಾಕಿಕೊಂಡು ಹೋಗಿ ಬಂಡೆ, ಬೇರುಗಳ ಮೇಲೆ ಹಾರಿಸುವ ಆಸೆ ಇದ್ದರೆ ಎಂಟಿಬಿ. ಬೆಂಗಳೂರಿನವರಿಗೆ ಇದನ್ನು ತೀರ್ಮಾನ ಮಾಡಿಕೊಡುವುದು ಟಾರು ರಸ್ತೆ. ಒಳ್ಳೆಯ ಮಣ್ಣು ದಾರಿ ಸಿಗುವ ಮೊದಲು ನಲವತ್ತು ಐವತ್ತು ಕಿಲೋಮೀಟರ್ ಟಾರಿನ ಮೇಲೇ ಹೋಗಬೇಕು. ಬಿಸಿಲು ಏರಿದ ಮೇಲೆ ಅಷ್ಟೇ ದೂರ ವಾಪಸ್ ಬರಬೇಕು. ಸಸ್ಪೆನ್ಷನ್ ಇರುವ ಭಾರದ ಎಂಟಿಬಿಯಲ್ಲಿ ಬೆಟ್ಟದ ಬುಡ ಸೇರುವಷ್ಟರಲ್ಲೇ ಕಾಲು ಸೋತಿರುತ್ತದೆ.

ಅಂಗಡಿಯಲ್ಲಿ ಬಣ್ಣ, ಫ್ರೇಮಿನ ತೂಕ ನೋಡುವ ಮೊದಲು ಗೇರ್ ನೋಡಿ. ನನ್ನ ಲೆಕ್ಕದಲ್ಲಿ ಬೆಟ್ಟಕ್ಕೆ ಇದಕ್ಕಿಂತ ಮುಖ್ಯವಾದದ್ದಿಲ್ಲ. ನಂದಿಯ ಕೊನೆಯ ತಿರುವುಗಳಲ್ಲಿ ಗೇರ್ ಸಾಲದೆ ಹೋದರೆ ಸೀಟಿನಿಂದ ಎದ್ದು ನಿಂತು ತುಳಿಯುತ್ತೀರಿ, ಅಲ್ವಾ? ಜಲ್ಲಿಯ ಮೇಲೆ ಅದು ನಡೆಯುವುದಿಲ್ಲ. ಎದ್ದ ಕೂಡಲೇ ಮೈಭಾರ ಮುಂದಕ್ಕೆ ಹೋಗುತ್ತದೆ. ಹಿಂದಿನ ಚಕ್ರ ಹಿಡಿತ ಬಿಟ್ಟು ಚರ್ರನೆ ನಿಂತಲ್ಲೇ ತಿರುಗುತ್ತದೆ, ಕಲ್ಲು ಸಿಡಿಯುತ್ತವೆ, ಸೈಕಲ್ ನಿಂತುಬಿಡುತ್ತದೆ. ಕಡಿದಾದ ಏರಿನಲ್ಲಿ ಒಮ್ಮೆ ನಿಂತರೆ ಮತ್ತೆ ಹತ್ತಿ ಹೊರಡುವುದು ತುಂಬಾ ಕಷ್ಟ. ಹಾಗಾಗಿ ಕೂತೇ ತುಳಿಯಬೇಕು. ಸೀಟಿನ ಮುಂದಿನ ತುದಿಗೆ ಜರುಗಿ, ಮೊಣಕೈ ಮಡಚಿ, ಎದೆ ಬಗ್ಗಿಸಿ. ಇದಕ್ಕೆ ಹಗುರವಾದ ಗೇರ್ ಬೇಕು. ಮುಂದೆ 40 ಹಲ್ಲು, ಹಿಂದಿನ ಅತಿ ದೊಡ್ಡ ಹಲ್ಲುಚಕ್ರದಲ್ಲಿ 42 ಹಲ್ಲು ಇದ್ದರೆ, ಪೆಡಲ್ ಒಂದು ಸುತ್ತು ಬಂದಾಗ ಸೈಕಲ್ಲಿನ ಚಕ್ರ ಒಂದು ಸುತ್ತಿಗಿಂತ ಸ್ವಲ್ಪ ಕಡಿಮೆ ತಿರುಗುತ್ತದೆ. ರೋಡ್ ಬೈಕಿನಲ್ಲಿ ಮುಂದೆ 34, ಹಿಂದೆ 28 ಹಲ್ಲು ಇದ್ದರೆ ಅದೇ 1.2 ಸುತ್ತು. ಲೆಕ್ಕದಲ್ಲಿ ಚಿಕ್ಕದು ಅನ್ನಿಸಬಹುದು, ಮೊಣಕಾಲಿಗೆ ಅದು ದೊಡ್ಡದು.

ಟೈರ್ 40 ಮಿ.ಮೀ. ಅಥವಾ ಅದಕ್ಕಿಂತ ಅಗಲ ಇರಲಿ, ಟ್ಯೂಬ್‌ಲೆಸ್ ಆಗಿರಲಿ. ನಮ್ಮ ಕಡೆ ಇದಕ್ಕೆ ಗಟ್ಟಿ ಕಾರಣ ಬಳ್ಳಾರಿ ಜಾಲಿ. ಕೆರೆ ಏರಿಗಳ ಮೇಲೆ, ಹೊಲದ ಬದುಗಳಲ್ಲಿ ಅದರ ಮುಳ್ಳು ಬಿದ್ದಿರುತ್ತದೆ. ಟ್ಯೂಬ್ ಇದ್ದರೆ ಒಂದೇ ಬೆಳಗ್ಗೆ ಎರಡು ಮೂರು ಪಂಕ್ಚರ್ ಆಗುವುದೂ ಉಂಟು. ಟ್ಯೂಬ್‌ಲೆಸ್‌ನಲ್ಲಿ ಮುಳ್ಳು ಕಿತ್ತು, ತೂತು ಕೆಳಗೆ ಬರುವ ಹಾಗೆ ಚಕ್ರ ತಿರುಗಿಸಿ ಒಂದು ನಿಮಿಷ ಹಿಡಿದುಕೊಳ್ಳಿ. ಒಳಗೆ ತುಂಬಿರುವ ಸೀಲೆಂಟ್ ದ್ರವ ಬುಸ್ ಬುಸ್ ಅಂತ ಬಿಳಿ ನೊರೆಯಾಗಿ ಬಂದು ತೂತು ಮುಚ್ಚಿಕೊಳ್ಳುತ್ತದೆ. ನಮ್ಮ ಬಿಸಿಲಿಗೆ ಆ ಸೀಲೆಂಟ್ ಬೇಗ ಒಣಗುತ್ತದೆ, ಎರಡು ಮೂರು ತಿಂಗಳಿಗೊಮ್ಮೆ ನೋಡಿ ತುಂಬಿಸಿ. ಗಾಳಿ ಜಾಸ್ತಿ ಹೊಡೆಯಬೇಡಿ. ಎಪ್ಪತ್ತು ಕಿಲೋ ಆಸುಪಾಸಿನವರಿಗೆ 40 ಮಿ.ಮೀ. ಟೈರಿನಲ್ಲಿ 30–35 ಪಿಎಸ್‌ಐ ಸಾಕು. ಅದಕ್ಕಿಂತ ಗಟ್ಟಿಯಾದರೆ ಟೈರ್ ಕಲ್ಲಿಂದ ಕಲ್ಲಿಗೆ ಪುಟಿಯುತ್ತದೆ, ಕೈ ಜೋಮು ಹಿಡಿಯುತ್ತದೆ.

ಇಳಿಜಾರು ಏರಿಗಿಂತ ಕಷ್ಟ. ಹೊಸಬರು ಬೀಳುವುದು ಹೆಚ್ಚಾಗಿ ಇಳಿಯುವಾಗಲೇ. ಹ್ಯಾಂಡಲ್ಲಿನ ಕೆಳಗಿನ ಬಾಗು ಹಿಡಿಯಿರಿ, ಸೀಟಿನಿಂದ ಸ್ವಲ್ಪ ಎದ್ದು ಮೈ ಹಿಂದಕ್ಕೆ ತನ್ನಿ, ಎರಡು ಪೆಡಲೂ ಒಂದೇ ಮಟ್ಟದಲ್ಲಿರಲಿ. ತಿರುವಿನ ಮೊದಲೇ ಬ್ರೇಕ್ ಮುಗಿಸಿ. ತಿರುವಿನ ಒಳಗೆ ಮುಂದಿನ ಬ್ರೇಕ್ ಒತ್ತಿದರೆ ಚಕ್ರ ಜಾರುತ್ತದೆ. ಕಣ್ಣು ಹೋಗಬೇಕಾದ ದಾರಿಯ ಮೇಲೆ ಇರಲಿ. ಕಲ್ಲನ್ನೇ ನೋಡುತ್ತಿದ್ದರೆ ಸೈಕಲ್ ಕಲ್ಲಿನ ಕಡೆಗೇ ಹೋಗುತ್ತದೆ. ಊರ ಹತ್ತಿರದ ಯಾವುದಾದರೂ ಚಿಕ್ಕ ಮಣ್ಣು ದಿಣ್ಣೆಯಲ್ಲಿ ಇದನ್ನು ಮೈಗೆ ಹಿಡಿಸಿಕೊಂಡು ಆಮೇಲೆ ಬೆಟ್ಟಕ್ಕೆ ಹೋಗಿ. ದಯವಿಟ್ಟು ಇದನ್ನು ಬಿಡಬೇಡಿ.

ಜಾಗಕ್ಕೆ ಬಂದರೆ, ನಂದಿ ಬೆಟ್ಟದ ಮೇಲಕ್ಕೆ ಹೋಗುವುದು ಟಾರು, ಅದು ನಿಮಗೆ ಗೊತ್ತೇ ಇದೆ. ನಮಗೆ ಬೇಕಾದದ್ದು ಬೆಟ್ಟದ ಬುಡದ ಸುತ್ತ ಇದೆ. ದೊಡ್ಡಬಳ್ಳಾಪುರ, ಘಾಟಿ ಸುಬ್ರಹ್ಮಣ್ಯ, ಚಿಕ್ಕಬಳ್ಳಾಪುರದ ನಡುವೆ ದ್ರಾಕ್ಷಿ ತೋಟ, ನೀಲಗಿರಿ ತೋಪುಗಳ ಪಕ್ಕದ ಬಂಡಿ ದಾರಿಗಳು ಬೇಕಾದಷ್ಟಿವೆ. ಮೊಬೈಲಿನ ಮ್ಯಾಪನ್ನು ಪೂರ್ತಿ ನಂಬಬೇಡಿ. ಆ ಕಡೆ ಕಲ್ಲು ಕ್ವಾರಿಗಳು ಜಾಸ್ತಿ, ಮ್ಯಾಪಿನಲ್ಲಿರುವ ದಾರಿ ಕ್ವಾರಿಯ ಗುಂಡಿಯಲ್ಲಿ ಮುಗಿದಿರಬಹುದು. ಹಾಲಿನ ಡೇರಿ ಮುಂದೆ ಕೂತವರನ್ನು “ಅಣ್ಣಾ, ಈ ದಾರಿ ಮುಂದಕ್ಕೆ ಹೋಗುತ್ತಾ?” ಅಂತ ಕೇಳಿ. ಸರಿಯಾದ ದಾರಿ ಅವರಿಗೆ ಗೊತ್ತಿರುತ್ತದೆ. ಸ್ಕಂದಗಿರಿ, ಮಾಕಳಿದುರ್ಗದ ಮೇಲಿನ ದಾರಿಗಳು ಚಾರಣದವು, ಅರಣ್ಯ ಇಲಾಖೆಯ ಅನುಮತಿ ಬೇಕು. ಅಲ್ಲಿ ಸೈಕಲ್ ನುಗ್ಗಿಸಬೇಡಿ.

ಮಳೆ ನಿಂತ ಮೇಲೆ, ನವೆಂಬರಿನಿಂದ ಫೆಬ್ರವರಿವರೆಗೆ ಒಳ್ಳೆಯ ಕಾಲ. ಮಳೆಗಾಲದ ಕೆಮ್ಮಣ್ಣು ಟೈರಿಗೂ ಫೋರ್ಕಿಗೂ ನಡುವೆ ಮೆತ್ತಿಕೊಂಡು ಚಕ್ರ ತಿರುಗದ ಹಾಗೆ ಮಾಡುತ್ತದೆ. ಸುಗ್ಗಿಯಲ್ಲಿ ರಾಗಿ, ಹುರುಳಿಯನ್ನು ಒಕ್ಕಣೆಗೆ ರಸ್ತೆ ಮೇಲೆ ಹರಡಿರುತ್ತಾರೆ. ಅಲ್ಲಿ ಇಳಿದು, ಸೈಕಲ್ ಎತ್ತಿಕೊಂಡು ಪಕ್ಕದಲ್ಲಿ ನಡೆದು ಹೋಗಿ. ಅದು ಅವರ ವರ್ಷದ ದುಡಿಮೆ. ಜೊತೆಗೆ ಆ ಹುಲ್ಲು ಹಿಂದಿನ ಗೇರಿಗೆ ಸುತ್ತಿಕೊಂಡು ಗೇರ್ ಬದಲಿಸುವ ಡಿರೇಲರನ್ನು ಫ್ರೇಮಿಗೆ ಹಿಡಿದಿಡುವ ಹ್ಯಾಂಗರ್ ಮುರಿಯಬಹುದು. ಸೈಕಲ್ಲಿನ ಮಾದರಿಗೆ ತಕ್ಕಂತೆ ಹ್ಯಾಂಗರ್ ಸಾಮಾನ್ಯವಾಗಿ ಬೇರೆ ಬೇರೆ, ಹಳ್ಳಿಯ ಸೈಕಲ್ ಶಾಪಿನಲ್ಲಿ ಸಿಗುವುದಿಲ್ಲ. ನಿಮ್ಮ ಸೈಕಲ್ಲಿನದ್ದೇ ಒಂದು ಕೊಂಡು ಚೀಲದಲ್ಲಿಟ್ಟುಕೊಳ್ಳಿ.

ಕನಕಪುರ, ಆನೇಕಲ್ ಕಡೆಯ ಗುಡ್ಡಗಳೂ ಚಂದ, ಆದರೆ ಬನ್ನೇರುಘಟ್ಟದ ಕಾಡಿಗೆ ತಾಗಿದ ದಾರಿಗಳಲ್ಲಿ ಆನೆ ಓಡಾಡುತ್ತವೆ. ಬೆಂಗಳೂರಿನ ಸೈಕಲ್ಲಿನವರಿಗೆ ಕತ್ತಲಿರುವಾಗಲೇ ಹೊರಡುವ ಅಭ್ಯಾಸ, ಆ ಕಡೆ ಮಾತ್ರ ಅದು ಬೇಡ. ಚೆನ್ನಾಗಿ ಬೆಳಕು ಹರಿದ ಮೇಲೆ, ಜೊತೆಗೊಬ್ಬರನ್ನು ಕರೆದುಕೊಂಡು ಹೋಗಿ.

ಇಷ್ಟು ಅಭ್ಯಾಸವಾದ ಮೇಲೆ ಚಿಕ್ಕಮಗಳೂರಿಗೆ ಹೋಗಿ. ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿದೆ, ನಂದಿ 1,478 ಮೀಟರ್, ಮುಳ್ಳಯ್ಯನಗಿರಿ 1,900 ದಾಟುತ್ತದೆ. ಏರು ಅಲ್ಲಿ ಗಂಟೆಗಟ್ಟಲೆ ಮುಗಿಯುವುದಿಲ್ಲ. ಕಾಫಿ ತೋಟದೊಳಗಿನ ದಾರಿಗಳು ಖಾಸಗಿ, ಗೇಟಿನಲ್ಲಿ ರೈಟರ್ (ತೋಟದ ಮೇಲ್ವಿಚಾರಕ) ಇದ್ದರೆ ಕೇಳಿಕೊಂಡೇ ಒಳಗೆ ಹೋಗಿ. ಕೊಯ್ಲಿನ ದಿನಗಳಲ್ಲಿ ಆಳುಗಳು, ಜೀಪು, ಟ್ರ್ಯಾಕ್ಟರ್ ಅದೇ ದಾರಿಯಲ್ಲಿ ಬರುತ್ತವೆ, ತಿರುವಿನಲ್ಲಿ ಬೆಲ್ ಹೊಡೆಯುತ್ತಾ ನಿಧಾನಕ್ಕೆ ಇಳಿಯಿರಿ.